ಕರಾವಳಿಯಲ್ಲಿ ಜಿಯೋಲೈಟ್: ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ದುಡ್ಡು ದಂಡ

ಮಂಗಳೂರಿನ ಅಕ್ವೇರಿಯಂ ಅಂಗಡಿಯಲ್ಲಿ ಬಿಳಿ ಹರಳು. ಕುಂದಾಪುರದ ಕಡೆ ಸಿಗಡಿ ಕೆರೆಯ ದಂಡೆಯಲ್ಲಿ ಚೀಲಗಟ್ಟಲೆ ಪುಡಿ. ನರ್ಸರಿಯಲ್ಲಿ ಕುಂಡಕ್ಕೆ ಬೆರೆಸುವ ಬೂದು ಕಲ್ಲು. ಆನ್‌ಲೈನಿನಲ್ಲಿ "ದೇಹಶುದ್ಧಿ"ಗೆ ಕುಡಿಯುವ ಪುಡಿ. ಎಲ್ಲದಕ್ಕೂ ಒಂದೇ ಹೆಸರು, ಜಿಯೋಲೈಟ್. ಮಾರುವವರನ್ನು ಕೇಳಿದರೆ ಇದು ಮಾಡದ ಕೆಲಸವೇ ಇಲ್ಲ.

ನಿಜ ಹೇಳಬೇಕೆಂದರೆ ಈ ಕಲ್ಲು ಯಾವುದನ್ನೂ ಮಾಯ ಮಾಡುವುದಿಲ್ಲ. ಒಂದನ್ನು ಹಿಡಿದುಕೊಳ್ಳುತ್ತದೆ, ಅದರ ಬದಲಿಗೆ ಇನ್ನೊಂದನ್ನು ಬಿಡುತ್ತದೆ. ಹಾಗಾಗಿ ಅದರ ಸುತ್ತಮುತ್ತ ಏನಿದೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ಊರಿನಲ್ಲಿ ಸುತ್ತಮುತ್ತ ಧಾರಾಳ ಇರುವುದು ಎರಡು: ಉಪ್ಪು ಮತ್ತು ತೇವ. ಘಟ್ಟದ ಮೇಲಿನವರಿಗೆ ಬರೆದ ಸಲಹೆಯನ್ನು ಹಾಗೇ ಇಲ್ಲಿ ಪಾಲಿಸಿದರೆ ಕೆಲವು ಕಡೆ ಸುಮ್ನೆ ದುಡ್ಡು ಹೋಗುತ್ತದೆ, ಒಂದೆರಡು ಕಡೆ ಮೀನೂ ಸಾಯುತ್ತದೆ.

ಕಲ್ಲಿನ ಒಳಗೆ ಏನಿದೆ

ಜಿಯೋಲೈಟ್ ಎಂದರೆ ಒಂದು ಖನಿಜವಲ್ಲ, ಒಂದು ಕುಟುಂಬ. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಕಟ್ಟಿದ ಗಟ್ಟಿ ಚೌಕಟ್ಟು. ಅದರೊಳಗೆ ಒಂದು ನ್ಯಾನೋಮೀಟರಿಗಿಂತ ಸಣ್ಣ ಓಣಿಗಳು. ಸಿಲಿಕಾನ್ ಇರಬೇಕಾದ ಕೆಲವು ಜಾಗದಲ್ಲಿ ಅಲ್ಯೂಮಿನಿಯಂ ಕೂತಿರುವುದರಿಂದ ಚೌಕಟ್ಟಿಗೆ ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಓಣಿಯೊಳಗೆ ಸಡಿಲವಾಗಿ ಕೂತಿರುತ್ತವೆ, ಜೊತೆಗೆ ನೀರು. ಬಸ್ಸಿನ ಸೀಟಿನ ಹಾಗೆ: ಸೀಟು ಅಷ್ಟೇ ಇರುತ್ತದೆ, ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರು ಕೂರಬಹುದು.

1756ರಲ್ಲಿ ಸ್ವೀಡನ್ನಿನ ಖನಿಜ ತಜ್ಞ ಕ್ರೋನ್‌ಸ್ಟೆಟ್ ಇಂಥ ಕಲ್ಲನ್ನು ಕಾಯಿಸಿದಾಗ ಅದು ನೊರೆಯುಕ್ಕಿ ಆವಿ ಬಿಟ್ಟದ್ದನ್ನು ಕಂಡರು. ಓಣಿಯೊಳಗಿನ ನೀರು ಹೊರಬಂದದ್ದು ಅದು. ಕಾಯಿಸಿದರೆ ನೀರು ಹೋಗುತ್ತದೆ, ಚೌಕಟ್ಟು ಕುಸಿಯುವುದಿಲ್ಲ. ತಣಿದ ಮೇಲೆ ಗಾಳಿಯ ತೇವವನ್ನು ಮತ್ತೆ ಎಳೆದುಕೊಳ್ಳುತ್ತದೆ.

ಬಳಕೆಗೆ ಸಿಗುವ ನೈಸರ್ಗಿಕ ಜಿಯೋಲೈಟ್ ಹೆಚ್ಚಿನಂಶ ಕ್ಲಿನೊಪ್ಟಿಲೊಲೈಟ್. ಇದಕ್ಕೆ ಎಲ್ಲ ಅಯಾನುಗಳ ಮೇಲೂ ಒಂದೇ ಪ್ರೀತಿ ಇಲ್ಲ. ಸೀಸಿಯಂ ಮೇಲೆ ಜಾಸ್ತಿ, ಆಮೇಲೆ ಪೊಟ್ಯಾಸಿಯಂ, ಆಮೇಲೆ ಅಮೋನಿಯಂ (ನೀರಿನಲ್ಲಿ ಅಮೋನಿಯಾದ ಅಯಾನು ರೂಪ). ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರ ನಂತರ. ಸೀಸಿಯಂ ಮೇಲಿನ ಈ ಒಲವಿನಿಂದಲೇ ಚೆರ್ನೋಬಿಲ್ ಮತ್ತು ಫುಕುಶಿಮಾ ದುರಂತಗಳ ನಂತರ ವಿಕಿರಣ ಸೀಸಿಯಂ ಹಿಡಿಯಲು ಜಿಯೋಲೈಟನ್ನು ಬಳಸಿದರು. ಋಣ ಅಯಾನುಗಳನ್ನು, ಅಂದರೆ ನೈಟ್ರೇಟ್ ಮತ್ತು ಕ್ಲೋರೈಡನ್ನು, ಇದು ಮುಟ್ಟುವುದೇ ಇಲ್ಲ. ಈ ಪಟ್ಟಿ ನೆನಪಿದ್ದರೆ ಮುಂದಿನ ಅರ್ಧ ಲೇಖನ ನೀವೇ ಬರೆಯಬಹುದು.

ನಮ್ಮಲ್ಲಿ ಸಿಗುತ್ತದಾ?

ಇಲ್ಲ. ಪುಣೆ, ನಾಸಿಕ್, ಜಲಗಾಂವ್ ಕಡೆಯ ದಖ್ಖನ್ ಬಸಾಲ್ಟಿನ ಪೊಟರೆಗಳಲ್ಲಿ ಸ್ಟಿಲ್ಬೈಟ್, ಹ್ಯೂಲಂಡೈಟ್‌ನಂಥ ಸುಂದರ ಜಿಯೋಲೈಟ್ ಹರಳು ಸಿಗುತ್ತವೆ. ಅವು ಶೋಕೇಸಿಗೆ, ಗೊಬ್ಬರದ ಗುಂಡಿಗಲ್ಲ. ನಮ್ಮದು ಕೆಂಪುಕಲ್ಲು ಮತ್ತು ಅದರಡಿಯ ನೈಸ್ ಶಿಲೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಲಾವಾದಿಂದಾದವು ಅಲ್ವಾ ಎಂದು ಕೇಳಬಹುದು. ಹೌದು, ಆದರೆ ಅವು ದಖ್ಖನ್ ಬಸಾಲ್ಟ್ ಅಲ್ಲ. ಅದಕ್ಕಿಂತ ಹಳೆಯವು, ಸಿಲಿಕಾ ಜಾಸ್ತಿ ಇರುವ ಬೇರೆ ಜಾತಿಯ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಕೂಡ. ಅಲ್ಲಿಂದ ಕಲ್ಲು ತರುವ ಯೋಚನೆಯೇ ಬೇಡ.

ಕೊಳ್ಳುವಾಗ ಮಾಡುವ ಪರೀಕ್ಷೆ

ಜಿಯೋಲೈಟ್ ಎಂದು ಬರೆದ ಚೀಲದಲ್ಲಿ ಸುಣ್ಣದ ಕಲ್ಲಿನ ಪುಡಿಯೋ ಜೇಡಿಯೋ ಇದ್ದರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಆದಷ್ಟು ಪುಡಿ ಬಿಟ್ಟು 1ರಿಂದ 3 ಮಿಲಿಮೀಟರಿನ ಹರಳನ್ನೇ ಕೊಳ್ಳಿ. ಮೋಸ ಮಾಡುವುದು ಕಷ್ಟ, ಧೂಳೂ ಕಡಿಮೆ.

ಮೊದಲು ನಾಲ್ಕು ಹರಳಿನ ಮೇಲೆ ಲಿಂಬೆರಸ ಹಿಂಡಿ. ಬುರುಬುರು ನೊರೆ ಬಂದರೆ ಅದರಲ್ಲಿ ಸುಣ್ಣದ ಕಲ್ಲಿದೆ. ಆಮೇಲೆ ಒಂದು ಹಿಡಿ ಹರಳನ್ನು ಲೋಟದ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬೆರಳಲ್ಲಿ ಹಿಸುಕಿದಾಗ ಕೆಸರಾದರೆ ಜೇಡಿ. ನಿಜವಾದದ್ದು ಮೊದಲು ಒಂದಷ್ಟು ಧೂಳು ಬಿಟ್ಟರೂ ಹರಳು ಹರಳಾಗಿಯೇ ಇರುತ್ತದೆ.

ಮೂರನೆಯದು ನನಗೆ ಇಷ್ಟದ ಪರೀಕ್ಷೆ. ಒಂದು ಮುಷ್ಟಿ ಹರಳನ್ನು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಅರ್ಧ ಗಂಟೆ ದೊಡ್ಡ ಉರಿಯಲ್ಲಿ ಹುರಿಯಿರಿ. ಮೇಲೆ ತಣ್ಣನೆಯ ತಟ್ಟೆ ಹಿಡಿದರೆ ಮೊದಲಿಗೆ ಹನಿ ಕಟ್ಟುತ್ತದೆ, ಕೊನೆಗೆ ತಟ್ಟೆ ಒಣಗಿಯೇ ಇರುತ್ತದೆ. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಪೂರ್ತಿ ತಣಿಯಲು ಬಿಡಿ. ಬಳಿಕ ಸ್ಟೀಲ್ ಬಟ್ಟಲಿಗೆ ಹಾಕಿ, ಒದ್ದೆಯಾಗುವಷ್ಟೇ ತಣ್ಣೀರು ಹನಿಸಿ. ಸಣ್ಣಗೆ ಚುರುಗುಟ್ಟುತ್ತದೆ, ಗುಳ್ಳೆ ಏಳುತ್ತದೆ, ಬಟ್ಟಲಿನ ತಳ ಕೈಗೆ ಬಿಸಿ ತಾಗುತ್ತದೆ. ಬೆಂಕಿ ಇಲ್ಲ, ಬಿಸಿನೀರಿಲ್ಲ, ಆದರೂ ಬಿಸಿ! ನೀರು ಓಣಿಯೊಳಗೆ ಕೂರುವಾಗ ಹೊರಬರುವ ಶಾಖ ಅದು. ಕೆಲವು ಒಣ ಜೇಡಿಗಳೂ ಹೀಗೆ ಬಿಸಿಯಾಗುತ್ತವೆ. ಹಾಗಾಗಿ ಈ ಪರೀಕ್ಷೆಯೊಂದನ್ನೇ ನಂಬಬೇಡಿ, ಮೂರನ್ನೂ ಮಾಡಿ.

ಧೂಳಿನ ವಿಷಯ ಹಗುರವಾಗಿ ತೆಗೆದುಕೊಳ್ಳಬಾರದು. ಇದೇ ಕುಟುಂಬದ ಎರಿಯೊನೈಟ್ ಸೂಜಿಯಂಥ ನಾರಿನ ಖನಿಜ. ಟರ್ಕಿಯ ಕಪಡೋಸಿಯಾದ ಕೆಲವು ಹಳ್ಳಿಗಳಲ್ಲಿ ಅದರಿಂದ ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್ ಬಂದದ್ದು ದಾಖಲಾಗಿದೆ. ಕ್ಲಿನೊಪ್ಟಿಲೊಲೈಟ್ ಅಂಥದ್ದಲ್ಲ. ಆದರೂ ಅದರ ಧೂಳಿನಲ್ಲಿ ಸ್ಫಟಿಕ ಸಿಲಿಕಾ ಬೆರೆತಿರಬಹುದು. ಖನಿಜದ ಹೆಸರೇ ಇಲ್ಲದ ಚೀಲ ಬೇಡ. ಸುರಿಯುವಾಗ ಎನ್-95 ಮಾಸ್ಕ್ ಹಾಕಿ, ಮೊದಲು ನೀರು ಚಿಮುಕಿಸಿ.

ಮೀನಿನ ತೊಟ್ಟಿ: ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ

ಸಿಹಿನೀರಿನ ಅಕ್ವೇರಿಯಂನಲ್ಲಿ ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾವನ್ನು ಹಿಡಿಯುವುದು ಈ ಕಲ್ಲಿಗೆ ಹೇಳಿ ಮಾಡಿಸಿದ ಕೆಲಸ. ನೀರಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಕಡಿಮೆ. ಹಾಗಾಗಿ ಅಮೋನಿಯಂಗೆ ಸೀಟು ಸಿಗುತ್ತದೆ.

ಎಷ್ಟು ಬೇಕು? 100 ಲೀಟರಿನ ತೊಟ್ಟಿಗೆ ದಿನಕ್ಕೆ 2 ಗ್ರಾಂ ಆಹಾರ ಹಾಕುತ್ತೀರಿ ಎನ್ನೋಣ. ಹಾಕಿದ ಆಹಾರದ ಸುಮಾರು ಶೇಕಡಾ 3ರಷ್ಟು ಅಮೋನಿಯಾ ಸಾರಜನಕವಾಗುತ್ತದೆ (ಅಮೋನಿಯಾವನ್ನು ಅದರಲ್ಲಿರುವ ಸಾರಜನಕದ ತೂಕದಲ್ಲಿ ಅಳೆಯುವ ಲೆಕ್ಕ ಇದು). ಅಂದರೆ ದಿನಕ್ಕೆ 60 ಮಿಲಿಗ್ರಾಂ. ಕಾಗದದ ಮೇಲೆ ಈ ಕಲ್ಲಿನ ಸಾಮರ್ಥ್ಯ ಜಾಸ್ತಿಯೇ ಇದೆ. ಬಳಕೆಯಲ್ಲಿ ಗ್ರಾಮಿಗೆ 5 ಮಿಲಿಗ್ರಾಂ ಎಂದು ಹಿಡಿಯುವುದು ಕ್ಷೇಮ. 100 ಗ್ರಾಂ ಹರಳು 500 ಮಿಲಿಗ್ರಾಂ ಹಿಡಿದರೆ ಎಂಟು ದಿನ ನಡೆಯುತ್ತದೆ. ಹಾಕುವ ಕ್ರಮ ಹೀಗೆ:

1. ಹರಳನ್ನು ಜರಡಿಯಲ್ಲಿ ಹಾಕಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಸಾಬೂನು ಬೇಡ.
2. ನೈಲಾನ್ ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿ, ನೀರು ಹರಿಯುವ ದಾರಿಯಲ್ಲೇ ಇಡಿ. ತಳದಲ್ಲಿ ಸುಮ್ಮನೆ ಬಿದ್ದಿರುವ ಹರಳಿನೊಳಗೆ ನೀರು ಹರಿಯುವುದಿಲ್ಲ.
3. ಐದನೇ ದಿನದಿಂದ ಅಮೋನಿಯಾ ಟೆಸ್ಟ್ ಕಿಟ್‌ನಲ್ಲಿ ನೋಡುತ್ತಿರಿ. ಏರತೊಡಗಿದರೆ ಚೀಲ ಬದಲಿಸಿ.

ಹೊಸ ತೊಟ್ಟಿಯಲ್ಲಿ, ಮೀನಿಗೆ ಕಾಯಿಲೆ ಬಂದಾಗ, ಮೀನು ಸಾಗಿಸುವಾಗ ಇದು ಉಪಕಾರಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆದಿರುವ ಹಳೆಯ ತೊಟ್ಟಿಗೆ ಬೇಕಾಗಿಲ್ಲ. ತುಂಬೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರಿನ ಕ್ಲೋರಿನ್ ಇದರಿಂದ ಹೋಗುವುದಿಲ್ಲ. ಅದಕ್ಕೆ ಕ್ಲೋರಿನ್ ತೆಗೆಯುವ ದ್ರಾವಣವನ್ನೇ ಹಾಕಬೇಕು.

ಇನ್ನು ಮೀನು ಸಾಯುವ ವಿಷಯ. ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ ಅನೇಕರು ನೀರಿಗೆ ಉಪ್ಪು ಹಾಕುತ್ತಾರೆ. ಒಳಗೆ ಜಿಯೋಲೈಟ್ ಇದ್ದರೆ ಸೋಡಿಯಂ ಗುಂಪಾಗಿ ನುಗ್ಗಿ ಸೀಟು ಹಿಡಿಯುತ್ತದೆ, ಒಂದು ವಾರದ ಅಮೋನಿಯಾ ಒಟ್ಟಿಗೇ ನೀರಿಗೆ ಬೀಳುತ್ತದೆ. ಉಪ್ಪಿನ ಪೊಟ್ಟಣ ಬಿಚ್ಚುವ ಮೊದಲು ಜಿಯೋಲೈಟ್ ಚೀಲ ಹೊರಗೆ ಬಂದಿರಬೇಕು. ಇದಕ್ಕೆ ರಿಯಾಯಿತಿ ಇಲ್ಲ ಮಾರಾಯ್ರೆ.

ಇದೇ ಗುಣವನ್ನು ಬೇಕೆಂದೇ ಬಳಸಿದರೆ ಹಳೆಯ ಹರಳನ್ನು ಮತ್ತೆ ಬಳಕೆಗೆ ತರಬಹುದು. ಲೀಟರ್ ನೀರಿಗೆ 50 ಗ್ರಾಂ ಕಲ್ಲುಪ್ಪು ಕರಗಿಸಿ. ಲೋಳೆ ತೊಳೆದ 100 ಗ್ರಾಂ ಹರಳನ್ನು ಅದರಲ್ಲಿ ಒಂದು ದಿನ ಮುಳುಗಿಸಿಡಿ, ಆಗಾಗ ಕಲಕಿ. ಆ ನೀರು ಚೆಲ್ಲಿ ಹೊಸ ಉಪ್ಪುನೀರಿನಲ್ಲಿ ಇನ್ನೊಂದು ದಿನ. ಮತ್ತೆ ಸಿಹಿನೀರಿನಲ್ಲಿ ಐದಾರು ಸಲ ತೊಳೆದು ಬಿಸಿಲಿಗೆ ಹಾಕಿ. ಪಣಂಬೂರಿನ ಸಮುದ್ರದ ನೀರು ಪುಕ್ಕಟೆ ಸಿಗುತ್ತದಲ್ಲ ಎಂದರೆ, ಅದರಲ್ಲಿ ಪೊಟ್ಯಾಸಿಯಂ ಇದೆ. ಕಲ್ಲಿಗೆ ಅಮೋನಿಯಂಗಿಂತ ಅದೇ ಇಷ್ಟ, ಒಮ್ಮೆ ಕೂತರೆ ಏಳುವುದು ಕಷ್ಟ. ಕಲ್ಲುಪ್ಪೇ ವಾಸಿ. ನನ್ನನ್ನು ಕೇಳಿದರೆ ಈ ಉಪದ್ವ್ಯಾಪವೇ ಬೇಡ. ಅಮೋನಿಯಾ ತುಂಬಿದ ಹರಳು ಗಿಡಕ್ಕೆ ಒಳ್ಳೆಯ ಗೊಬ್ಬರ, ಕುಂಡಕ್ಕೆ ಹಾಕಿ ಹೊಸದು ತನ್ನಿ. ಆದರೆ ಉಪ್ಪಿನಲ್ಲಿ ನೆನೆಸಿದ್ದನ್ನು ಯಾವತ್ತೂ ಗಿಡಕ್ಕೆ ಹಾಕಬೇಡಿ.

ಸಿಗಡಿ ಕೆರೆ: ಇಲ್ಲಿ ಲೆಕ್ಕ ಹಾಕಿ ನೋಡಿ

ಜಾಸ್ತಿ ಮಾರಾಟ ಆಗುವುದೂ ಇಲ್ಲೇ, ಕಡಿಮೆ ಉಪಯೋಗವೂ ಇಲ್ಲೇ. ಒಂದು ಎಕರೆ ಕೆರೆ, 1.2 ಮೀಟರ್ ಆಳ. ನೀರು ಸುಮಾರು 4,850 ಘನ ಮೀಟರ್. ಲೀಟರಿಗೆ 1 ಮಿಲಿಗ್ರಾಂ ಅಮೋನಿಯಾ ಸಾರಜನಕ ಇದ್ದರೆ ಒಟ್ಟು 4.85 ಕಿಲೋ. ಕಿಲೋ ಕಲ್ಲು 5 ಗ್ರಾಂ ಹಿಡಿಯುತ್ತದೆ ಎಂದಾದರೆ 970 ಕಿಲೋ ಬೇಕು. 20 ಕಿಲೋ ಚೀಲವೊಂದನ್ನು ಎರಚಿದರೆ ಇಳಿಯುವುದು 100 ಗ್ರಾಂ, ಅಂದರೆ ಶೇಕಡಾ 2. ಟೆಸ್ಟ್ ಕಿಟ್‌ನಲ್ಲಿ ಆ ವ್ಯತ್ಯಾಸ ಕಾಣುವುದೂ ಇಲ್ಲ.

ಅದೂ ಸಿಹಿನೀರಿನ ಲೆಕ್ಕ. ಅಳಿವೆಯ ನೀರಿನ ಕಥೆ ಬೇರೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 10,800 ಮಿಲಿಗ್ರಾಂ ಸೋಡಿಯಂ, 400 ಮಿಲಿಗ್ರಾಂ ಪೊಟ್ಯಾಸಿಯಂ. ಕೆರೆಯ ನೀರು ಅರ್ಧ ಉಪ್ಪಿನದ್ದಾದರೂ ಒಂದು ಮಿಲಿಗ್ರಾಂ ಅಮೋನಿಯಂ ಎದುರು ಐದು ಸಾವಿರಕ್ಕೂ ಜಾಸ್ತಿ ಸೋಡಿಯಂ ಸಾಲಿನಲ್ಲಿ ನಿಂತಿರುತ್ತದೆ. ಕಲ್ಲು ಒಳ್ಳೆಯದೇ ಇರಬಹುದು. ಆದರೆ ಸೀಟು ಮೊದಲೇ ಭರ್ತಿ.

"ಹಾಕಿದ ಮೇಲೆ ಕೆರೆ ಸುಧಾರಿಸಿತು" ಎನ್ನುವವರಿದ್ದಾರೆ. ಅಮೋನಿಯಾ ಏರಿದಾಗ ಅವರು ಆಹಾರವನ್ನೂ ಕಡಿಮೆ ಮಾಡಿರುತ್ತಾರೆ, ನೀರೂ ಬದಲಿಸಿರುತ್ತಾರೆ. ಹೆಸರು ಮಾತ್ರ ಚೀಲಕ್ಕೆ. ಆ ದುಡ್ಡಿನಲ್ಲಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇನ್ನೆರಡು ಗಂಟೆ ಜಾಸ್ತಿ ಓಡಿಸಿ. ಚೆಕ್ ಟ್ರೇ (ಸಿಗಡಿ ಎಷ್ಟು ತಿಂದಿದೆ ಎಂದು ನೋಡಲು ನೀರಿಗೆ ಇಳಿಬಿಡುವ ತಟ್ಟೆ) ನೋಡಿ ಆಹಾರ ಕಡಿಮೆ ಮಾಡಿ. ತಳದ ಕಪ್ಪು ಕೆಸರನ್ನು ಹೊರಹಾಕಿ. ಬೆಲ್ಲದ ಕಾಕಂಬಿ ಹಾಕಿ ಬ್ಯಾಕ್ಟೀರಿಯಾ ಬೆಳೆಸುವವರೂ ಇದ್ದಾರೆ. ಅದರಿಂದ ನೀರಿನ ಆಮ್ಲಜನಕ ಖರ್ಚಾಗುವುದರಿಂದ ಏರೇಟರ್ ಗಟ್ಟಿ ಇದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಮಲ್ಲಿಗೆ ಕುಂಡ, ಅಡಿಕೆ ತೋಟ

ನಮ್ಮ ಕೆಂಪುಮಣ್ಣು ಹುಳಿ ಮಣ್ಣು, ಪೋಷಕಾಂಶ ಹಿಡಿದಿಡುವ ಶಕ್ತಿ ಕಡಿಮೆ. ಮೇ ಕೊನೆಗೆ ಪೊಟ್ಯಾಷ್ ಹಾಕಿ, ಜೂನ್ ಮಳೆ ಹೊಡೆದರೆ ಬಹುಪಾಲು ತೋಡಿಗೆ ಹೋಯಿತು. ಕ್ಲಿನೊಪ್ಟಿಲೊಲೈಟ್‌ನ ಅಯಾನು ಹಿಡಿಯುವ ಶಕ್ತಿ ಇಂಥ ಮಣ್ಣಿಗಿಂತ ಹತ್ತಾರು ಪಟ್ಟು. ಅದು ಅಮೋನಿಯಂ ಮತ್ತು ಪೊಟ್ಯಾಸಿಯಂ ಹಿಡಿದುಕೊಂಡು ಬೇರಿಗೆ ನಿಧಾನವಾಗಿ ಬಿಡುತ್ತದೆ. ಯೂರಿಯಾವನ್ನು ನೇರವಾಗಿ ಹಿಡಿಯುವುದಿಲ್ಲ, ಅದು ಮಣ್ಣಿನಲ್ಲಿ ಅಮೋನಿಯಂ ಆದ ಮೇಲಷ್ಟೇ. ನೈಟ್ರೇಟ್ ಆಗಿಬಿಟ್ಟರೆ ಮತ್ತೆ ಕೈಬಿಟ್ಟಂತೆ.

ಕುಂಡಕ್ಕೆ ಧಾರಾಳವಾಗಿ ಹೇಳುತ್ತೇನೆ, ಹಾಕಿ. ತಾರಸಿಯಲ್ಲಿ ಶಂಕರಪುರ ಮಲ್ಲಿಗೆ ಬೆಳೆಸುವವರಿಗೆ 10 ಲೀಟರ್ ಮಣ್ಣಿಗೆ ಅರ್ಧದಿಂದ ಒಂದು ಲೀಟರ್ ಹರಳು ಸಾಕು. ಆದರೆ ಅಂಗಡಿಯಿಂದ ತಂದದ್ದನ್ನು ಹಾಗೇ ಸುರಿಯಬಾರದು. ಖಾಲಿ ಕಲ್ಲು ಮೊದಲು ಮಣ್ಣಿನಲ್ಲಿರುವ ಅಮೋನಿಯಂ, ಪೊಟ್ಯಾಸಿಯಂ ಎಳೆದುಕೊಂಡು ಗಿಡವನ್ನೇ ಉಪವಾಸ ಹಾಕುತ್ತದೆ. ಮೊದಲು ಕಲ್ಲಿಗೆ ಉಣಿಸಬೇಕು.

ಅದಕ್ಕೆ ಹಟ್ಟಿಯೇ ಸಾಕು. ದನದ ಮೂತ್ರವನ್ನು ನಾಲ್ಕೈದು ದಿನ ಮುಚ್ಚಿಡಿ. ಮೂಗಿಗೆ ಅಮೋನಿಯಾ ಘಾಟು ಹೊಡೆದರೆ ಯೂರಿಯಾ ಒಡೆದು ಅಮೋನಿಯಂ ಆಗಿದೆ ಎಂದರ್ಥ. ಹತ್ತು ಪಾಲು ನೀರು ಬೆರೆಸಿ, ತೊಳೆದ ಹರಳನ್ನು ಎರಡು ದಿನ ಮುಳುಗಿಸಿಡಿ. ಗೋಬರ್ ಗ್ಯಾಸಿನ ಸ್ಲರಿ ಇದ್ದರೆ ಐದು ಪಾಲು ನೀರು ಬೆರೆಸಿ ಸೋಸಿದ್ದೂ ಆಗುತ್ತದೆ. ಎರಡು ದಿನದಲ್ಲಿ ಘಾಟು ಇಳಿದಿರುತ್ತದೆ. ಹರಳು ಬಸಿದು ಮಣ್ಣಿಗೆ ಬೆರೆಸಿ, ಉಳಿದ ನೀರು ಬಾಳೆ ಬುಡಕ್ಕೆ. ಪೊಟ್ಯಾಷ್ ಸಿಗಲಿ ಎಂದು ಇದೇ ಬಕೆಟಿಗೆ ಬಚ್ಚಲ ಒಲೆಯ ಬೂದಿ ಹಾಕಬೇಡಿ. ಬೂದಿ ಕ್ಷಾರ, ಅಮೋನಿಯಾ ಗಾಳಿಗೆ ಹಾರಿ ಹೋಗುತ್ತದೆ. ಬೂದಿಯನ್ನು ಬೇರೆ ದಿನ ಬುಡಕ್ಕೆ ಕೊಡಿ.

ಅಡಿಕೆ ತೋಟಕ್ಕೆ ಲೆಕ್ಕ ಗಿಟ್ಟುವುದಿಲ್ಲ. ಕಾಸರಗೋಡಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಶಿಫಾರಸಿನಂತೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಬೇಕು. ಒಂದು ಕಿಲೋ ಕಲ್ಲಿನ ಎಲ್ಲ ಸೀಟಿನಲ್ಲೂ ಪೊಟ್ಯಾಸಿಯಂ ಕೂತರೂ ಪೊಟ್ಯಾಷ್ ಲೆಕ್ಕದಲ್ಲಿ ಸುಮಾರು 70 ಗ್ರಾಂ. ಮರಕ್ಕೆ ಎರಡು ಕಿಲೋ ಎಂದರೆ, ಎಕರೆಯ ಸುಮಾರು 550 ಮರಕ್ಕೆ ಒಂದು ಟನ್ನಿಗೂ ಮೇಲೆ. ಅದರ ಬದಲು ಪೊಟ್ಯಾಷನ್ನು ಎರಡು ಕಂತಿನಲ್ಲಿ, ದೊಡ್ಡ ಮಳೆ ತಪ್ಪಿಸಿ ಕೊಡುವುದು ಅಗ್ಗ. ಹಾಕಲೇಬೇಕೆಂದಿದ್ದರೆ ಗೊಬ್ಬರದ ಗುಂಡಿಗೆ ತೂಕದ ಶೇಕಡಾ 5ರಷ್ಟು ಬೆರೆಸಿ. ಗೊಬ್ಬರ ಕೊಳೆಯುವಾಗ ಹಾರಿಹೋಗುವ ಅಮೋನಿಯಾ ಉಳಿಯುತ್ತದೆ, ಹಟ್ಟಿ ಹತ್ತಿರ ವಾಸನೆಯೂ ಕಡಿಮೆ. ಮಣ್ಣಿನ ಹುಳಿಗೆ ಸುಣ್ಣವೇ ಮದ್ದು, ಜಿಯೋಲೈಟ್ ಅದರ ಬದಲಿಯಲ್ಲ.

ಮಳೆಗಾಲದ ತೇವ

ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದಕ್ಕೂ ಬೂಸ್ಟು. ಕಪಾಟಿನಲ್ಲಿ ಜಿಯೋಲೈಟ್ ಚೀಲ ತೂಗುಹಾಕಿದರೆ ಹೋಗುತ್ತದಾ? ಇಲ್ಲ. ಗಾಳಿ ತೀರಾ ಒದ್ದೆಯಿದ್ದಾಗ ತೂಕಕ್ಕೆ ಹೋಲಿಸಿದರೆ ಸಿಲಿಕಾ ಜೆಲ್ಲೇ ಜಾಸ್ತಿ ನೀರು ಹೀರುತ್ತದೆ. ಬಾಗಿಲು ತೆಗೆದಾಗಲೆಲ್ಲ ಹೊಸ ತೇವ ಒಳಬರುತ್ತದೆ, ಬಟ್ಟೆಯೊಳಗಿನ ತೇವ ಬೇರೆ. ಜಿಯೋಲೈಟ್‌ನ ಹೆಚ್ಚುಗಾರಿಕೆ ಬೇರೆ ಕಡೆ ಇದೆ: ಮುಚ್ಚಿದ ಡಬ್ಬಿಯಲ್ಲಿ ತೇವವನ್ನು ತೀರಾ ಕೆಳಕ್ಕೆ ಇಳಿಸುವುದರಲ್ಲಿ. ಕ್ಯಾಮೆರಾ ಲೆನ್ಸಿಗೆ, ಅದಕ್ಕಿಂತ ಮುಖ್ಯವಾಗಿ ಬಿತ್ತನೆ ಬೀಜಕ್ಕೆ.

ಮಟ್ಟುಗುಳ್ಳ, ಅಲಸಂಡೆ, ಸೌತೆ ಬೀಜವನ್ನು ಬೂದಿ ಬೆರೆಸಿ ಇಡುವ ಕ್ರಮ ನಮ್ಮಲ್ಲಿದೆ. ಅದರ ಮೇಲೆ ಇದನ್ನೂ ಮಾಡಬಹುದು. 100 ಗ್ರಾಂ ಬೀಜದ ತೇವವನ್ನು ಶೇಕಡಾ 12ರಿಂದ 7ಕ್ಕೆ ಇಳಿಸಲು 5 ಗ್ರಾಂಗಿಂತ ತುಸು ಹೆಚ್ಚು ನೀರು ಹೋಗಬೇಕು. ಬೀಜದಷ್ಟೇ ತೂಕದ ಹರಳು ಅದಕ್ಕೆ ಸಾಕಾಗುತ್ತದೆ.

1. ಬೀಜವನ್ನು ಮೇ ತಿಂಗಳಲ್ಲೇ ನೆರಳಿನಲ್ಲಿ ಒಣಗಿಸಿಟ್ಟುಕೊಳ್ಳಿ.
2. ಹರಳನ್ನು ಬಾಣಲೆಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಹುರಿಯಿರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.
3. ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ಪೂರ್ತಿ ತಣಿಸಿ. ಬಿಸಿ ಹರಳು ಬೀಜದ ಹತ್ತಿರ ಬಂದರೆ ಮೊಳಕೆ ಕಥೆ ಮುಗಿಯಿತು.
4. ತೆಳು ಬಟ್ಟೆಯಲ್ಲಿ ಕಟ್ಟಿ, ರಬ್ಬರ್ ಇರುವ ಗಾಜಿನ ಭರಣಿಯ ತಳದಲ್ಲಿಡಿ, ಮೇಲೆ ಬೀಜದ ಕಾಗದದ ಪೊಟ್ಟಣ.
5. ಎರಡು ವಾರ ಬಿಟ್ಟು ಗಂಟಿನ ತೂಕ ನೋಡಿ. ಮೊದಲಿಗಿಂತ ಏರಿದ್ದರೆ ಅಷ್ಟು ನೀರು ಬೀಜದಿಂದ ಬಂದಿದೆ. ಆಮೇಲೆ ಭರಣಿ ತೆರೆಯಬೇಡಿ.

ಹಲಸು, ಮಾವು, ಪುನರ್ಪುಳಿ ಬೀಜಕ್ಕೆ ಇದನ್ನು ಮಾಡಬಾರದು. ಒಣಗಿದರೆ ಅವು ಸತ್ತೇ ಹೋಗುತ್ತವೆ.

ಕೋಳಿಗೂಡು, ಹಟ್ಟಿ

ಗೂಡಿನ ಹೊಟ್ಟು ಅಥವಾ ಮರದ ಪುಡಿಯ ಮೇಲೆ ತೆಳ್ಳಗೆ ಹರಳು ಎರಚಿದರೆ ಘಾಟು ತಗ್ಗುತ್ತದೆ. ಹಟ್ಟಿಯಲ್ಲಿ ಮೂತ್ರ ನಿಲ್ಲುವ ಮೂಲೆಗೆ ಮಾತ್ರ ಹಾಕಿ. ಗುಡಿಸಿದ್ದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿ, ಅಲ್ಲಿಗೆ ಉಣಿಸುವ ಕೆಲಸವೂ ಮುಗಿದಂತೆ. ಯುರೋಪಿನಲ್ಲಿ ಪಶು ಆಹಾರಕ್ಕೆ ಕಿಲೋಗೆ 10 ಗ್ರಾಂ ತನಕ ಕ್ಲಿನೊಪ್ಟಿಲೊಲೈಟ್ ಬೆರೆಸಲು ಅನುಮತಿ ಇದೆ. ಅದು ಪರೀಕ್ಷೆಯಾದ ಶುದ್ಧ ದರ್ಜೆ. ಕೆರೆಗೆ ಹಾಕುವ ಪುಡಿಯನ್ನು ದನಕ್ಕೆ ಕೊಡಬೇಡಿ. ಮನುಷ್ಯರ "ದೇಹಶುದ್ಧಿ" ಪುಡಿಯ ಬಗ್ಗೆ ನನ್ನ ಸಲಹೆ ಚಿಕ್ಕದು: ದುಡ್ಡು ಉಳಿಸಿ. ಸೀಸದಂಥ ಲೋಹ ಹಿಡಿಯುವ ಗುಣದ ಕಲ್ಲು ಗಣಿಯಲ್ಲೇ ಅದನ್ನು ಹಿಡಿದುಕೊಂಡು ಬಂದಿರಬಹುದು.

ಬಾವಿ ನೀರು

ಬೇಸಿಗೆಯಲ್ಲಿ ಕಡಲ ಬದಿಯ ಬಾವಿ ಉಪ್ಪಾಗುತ್ತದೆ. ಜಿಯೋಲೈಟ್ ಅದನ್ನು ಸಿಹಿ ಮಾಡುವುದಿಲ್ಲ. ಸೋಡಿಯಂ ಹಿಡಿದರೂ ಬದಲಿಗೆ ಇನ್ನೊಂದನ್ನು ಬಿಡುತ್ತದೆ, ಕ್ಲೋರೈಡ್ ಹಾಗೇ ಉಳಿಯುತ್ತದೆ. ಅದಕ್ಕೆ ಆರ್‌ಓ, ಇಲ್ಲವೇ ಮಳೆನೀರು ಇಂಗಿಸುವುದು. ಕೆಂಪುಕಲ್ಲಿನ ಬಾವಿಗಳಲ್ಲಿ ಕಬ್ಬಿಣದ ಕಂದು ನೀರು ಬಂದರೂ ಸಾದಾ ಜಿಯೋಲೈಟ್ ಸಾಲದು. ಮ್ಯಾಂಗನೀಸ್ ಆಕ್ಸೈಡ್ ಲೇಪಿಸಿದ ಜಿಯೋಲೈಟ್ ಫಿಲ್ಟರ್ ಇದೆ, ಅದು ಕೆಲಸ ಮಾಡುತ್ತದೆ. ನೀರು ತೀರಾ ಹುಳಿಯಾಗಿದ್ದರೆ ಮಾತ್ರ ಅದೂ ಸೋಲುತ್ತದೆ. ನಮ್ಮ ಎಷ್ಟೋ ಬಾವಿಗಳ ನೀರು ಹುಳಿಯೇ. ಹಾಗಾಗಿ ಫಿಲ್ಟರ್ ಕೊಳ್ಳುವ ಮೊದಲು ಕಬ್ಬಿಣ ಮತ್ತು ಪಿಎಚ್ ಎರಡನ್ನೂ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಮಾರುವವರಿಗೆ ಆ ಚೀಟಿ ತೋರಿಸಿಯೇ ರೇಟು ಮಾತಾಡಿ.